ಎಮ್ಮೆಯ ಕೊರಳಿನ ಬೀಗದ ಕೈ

ನಾನು ಹುಟ್ಟಿ ಬೆಳೆದ ರಾಜಾಜಿನಗರದ ಮನೆಗೆ ಮೂರು ಬೀಗಗಳಿದ್ದವು. ಗೇಟಿಗೊಂದು, ಬಾಗಿಲಿಗೊಂದು, ಒಳಗಿನ ಬೀರುವಿಗೊಂದು. ಬೀದಿಯ ತುದಿಗೆ ಹಾಲು ತರಲು ಹೋಗುವಾಗಲೂ ಅಪ್ಪ ಮೂರನ್ನೂ ಹಾಕಿ, ಎರಡು ಸಲ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋದ ಮೇಲೆ ವಾಪಸ್ಸು ಬಂದು ಇನ್ನೊಂದು ಸಲ ಜಗ್ಗುತ್ತಿದ್ದರು. ಅಂಥ ಮನೆಯಿಂದ ನಾನು ಮದುವೆಯಾಗಿ ಬಂದದ್ದು ಬೀಗವೇ ಇಲ್ಲದ ಮನೆಗೆ. ದೂರವೇನಲ್ಲ. ಮಾಗಡಿ ರಸ್ತೆಯ ಬಸ್ಸು ಹತ್ತಿ ಸುಂಕದಕಟ್ಟೆಯಲ್ಲಿಳಿದು, ಒಳಗೆ ಹದಿನೈದು ನಿಮಿಷ ನಡೆದರೆ ಊರು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಸುತ್ತಲಿನ ಹೊಲಗಳೆಲ್ಲ ಲೇಔಟ್ ಆಗಿ ಸೈಟುಕಲ್ಲು ನೆಟ್ಟುಕೊಂಡಿದ್ದರೂ ನಡುವೆ ನಲವತ್ತು ಮನೆಗಳ ಹಳೇ ಊರು ಹಾಗೇ ಉಳಿದಿತ್ತು.

ಆ ಊರಿನವರ ಪ್ರಕಾರ ಬೀಗ ಬೀಳುವುದು ದಿವಾಳಿಯಾದ ಅಂಗಡಿಗೆ, ಇಲ್ಲವೇ ವಂಶ ಮುಗಿದ ಮನೆಗೆ. ಬದುಕಿ ಬಾಳುವವರು ಬೀಗ ಹಾಕುವುದಿಲ್ಲ. ಎಲ್ಲರೂ ಹೊರಗೆ ಹೋಗುವಾಗ ಬಾಗಿಲನ್ನು ಮುಂದಕ್ಕೆಳೆದು ಒನಕೆಯನ್ನು ಅಡ್ಡ ಇಡುತ್ತಿದ್ದರು. ಒನಕೆ ಅಡ್ಡ ಇದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದರ್ಥ. ಆದ್ದರಿಂದ ಬರಬೇಡಿ ಎಂದಲ್ಲ. ಬೇಕಾದ್ದನ್ನು ನೀವೇ ತೆಗೆದುಕೊಳ್ಳಿ, ಒನಕೆಯನ್ನು ಇದ್ದ ಹಾಗೇ ಇಟ್ಟು ಹೋಗಿ ಎಂದು. ಇದನ್ನು ಮದುವೆಗೆ ಮೊದಲು ನನಗೆ ಯಾರೂ ಹೇಳಿರಲಿಲ್ಲ.

ಹೊಸದಾಗಿ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಅಡುಗೆ ಮನೆಯಲ್ಲಿ ಸದ್ದಾಯಿತೆಂದು ಹೋಗಿ ನೋಡಿದರೆ ಒಬ್ಬ ಹೆಂಗಸು ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸುತ್ತಿದ್ದಳು. ನಾನು ಕೈಗೆ ಸಿಕ್ಕ ಸೌಟು ಹಿಡಿದು ಕಳ್ಳಿ ಕಳ್ಳಿ ಎಂದು ಕೂಗಿದೆ. ಆಕೆ ತಿರುಗಿಯೂ ನೋಡಲಿಲ್ಲ.

"ನಿಮ್ಮತ್ತೆ ಹುಣ್ಸೆಹಣ್ಣಿನ ಜಾಗ ಬದಲಾಯಿಸವ್ಳಾ? ಇಲ್ಲೇ ಇರ್ತಿತ್ತಲ್ಲ. ಒಸಿ ಹುಡುಕ್ಕೊಡವ್ವ, ಒಲೆ ಮೇಲೆ ಸಾರಿಟ್ಟು ಬಂದಿವ್ನಿ."

ನಾನು ಸೌಟು ಕೆಳಗಿಟ್ಟು ಹುಡುಕಿಕೊಟ್ಟೆ. ಅದೇ ನನ್ನ ಮೊದಲ ಸೋಲು. ಆಕೆ ಪಕ್ಕದ ಮನೆಯವಳು. ಊರಿಗೆಲ್ಲ ಚಿಕ್ಕಮ್ಮ, ನನಗೂ ಚಿಕ್ಕಮ್ಮ.

ಆಮೇಲೆ ತಿಳಿಯಿತು, ಆ ಊರಿನಲ್ಲಿ ಸ್ವಂತದ್ದು ಎನ್ನುವುದು ಹಲ್ಲುಜ್ಜುವ ಬ್ರಷ್ಷು ಮಾತ್ರ ಎಂದು. ನಮ್ಮ ಏಣಿ ಯಾರ ಮನೆಯಲ್ಲಿದೆಯೋ ನಮಗೇ ಗೊತ್ತಿರುತ್ತಿರಲಿಲ್ಲ. ನುಗ್ಗೆಕಾಯಿ ಕೀಳುವ ದೋಟಿ ಹೋದದ್ದು ತಿಂಗಳುಗಟ್ಟಲೆ ಬರಲಿಲ್ಲ. ಅತ್ತೆಯ ಚಪ್ಪಲಿ ಕೂಡ ಅತ್ತೆಗಿಂತ ಹೆಚ್ಚು ಮದುವೆಗಳಿಗೆ ಹೋಗಿ ಬಂದಿತ್ತು. ಅತ್ತೆಗೆ ಇದರಿಂದ ಕಿಂಚಿತ್ತೂ ಬೇಸರವಿರಲಿಲ್ಲ. ಬೇಸರವೆಲ್ಲ ನನ್ನ ಪಾಲಿಗೇ ಬಂದಿತ್ತು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಈಗಲೂ ಅಷ್ಟೇ, ಆಗ ವಯಸ್ಸು ಬೇರೆ ಇಪ್ಪತ್ತಾರು.

ಆ ಮನೆಯಲ್ಲಿ ಯಾರೂ ಮುಟ್ಟದ ವಸ್ತು ಒಂದಿತ್ತು, ಅತ್ತೆಯ ಎಮ್ಮೆ. ಅದು ಅತ್ತೆಯನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಗಂಡಸರನ್ನು ಕಂಡರಂತೂ ಕೋಡು ತಗ್ಗಿಸಿಕೊಂಡೇ ಬರುತ್ತಿತ್ತು. ನನ್ನ ಗಂಡ, ಅದನ್ನು ಸಾಕಿದ ಮನೆಯ ಮಗ, ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹುಲ್ಲು ಎಸೆದು ಓಡಿ ಬರುತ್ತಿದ್ದ. ಬೆಳಿಗ್ಗೆ ಹಾಲು ಕರೆದ ಮೇಲೆ ಅತ್ತೆ ಅದನ್ನು ಬಿಟ್ಟರೆ ಖಾಲಿ ಸೈಟುಗಳಲ್ಲಿ ಮೇಯ್ದು, ಕೆರೆಯ ಅಂಗಳದಲ್ಲಿ ಉಳಿದ ನೀರಿನಲ್ಲಿ ಬಿದ್ದುಕೊಂಡು, ಸಂಜೆ ನಾಲ್ಕಕ್ಕೆ ತಾನಾಗಿಯೇ ಮನೆಗೆ ಬರುತ್ತಿತ್ತು.

ಅಷ್ಟರಲ್ಲಿ ಲೇಔಟಿನ ಕಡೆ ಒಂದೆರಡು ಮನೆಗಳಲ್ಲಿ ನೀರಿನ ಮೋಟಾರು ಕಳುವಾಯಿತೆಂದು ಸುದ್ದಿ ಬಂತು. ನನ್ನೊಳಗಿನ ಅಪ್ಪ ಎದ್ದು ಕುಳಿತರು. ನಮ್ಮ ಹಿಂದಿನ ವಠಾರದಲ್ಲಿ ಶೀಟಿನ ಮನೆಯೊಂದಕ್ಕೆ ಹೊಸದಾಗಿ ಒಬ್ಬ ಬಾಡಿಗೆಗೆ ಬಂದಿದ್ದ. ವಿಜಾಪುರದ ಕಡೆಯವನು, ಐವತ್ತು ದಾಟಿದವನು. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಹಗಲು ಮಲಗಿ, ಸಂಜೆ ಎದ್ದವನೇ ನಮ್ಮ ಕೊಟ್ಟಿಗೆಯ ಮೋಟು ಗೋಡೆಗೆ ಒರಗಿಕೊಂಡು ಎಮ್ಮೆಯನ್ನೇ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ನನ್ನನ್ನು ಕಂಡು, "ಅಕ್ಕಾರ, ನಿಮ್ಮ ಎಮ್ಮಿ ಭಾಳ ಚಂದ ಐತ್ರಿ" ಎಂದ. ಎಮ್ಮೆಯನ್ನು ಚಂದ ಎನ್ನುವವನ ಉದ್ದೇಶ ಏನಿದ್ದೀತು? ಅಂದೇ ಗಂಡನಿಗೆ ಹೇಳಿ ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದೆ. ಸುಂಕದಕಟ್ಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮುಂಬಾಗಿಲಿಗೆ ಹೆಬ್ಬೆರಳು ದಪ್ಪದ ಸರಳಿನ ಗ್ರಿಲ್ ಮಾಡಿಸಿದೆ. ಅಪ್ಪ ವಿಷಯ ಕೇಳಿ ಸಂತೋಷಪಟ್ಟು, ಒತ್ತಿದರೆ ತಾನೇ ಬೀಳುವಂಥ ದೊಡ್ಡ ಬೀಗವೊಂದನ್ನು ಉಡುಗೊರೆ ಕೊಟ್ಟರು. ಮದುವೆಯಲ್ಲೂ ಅವರು ಅಷ್ಟು ಮನಸ್ಸಿಟ್ಟು ಏನನ್ನೂ ಕೊಟ್ಟಿರಲಿಲ್ಲ.

ಅತ್ತೆ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನನ್ ಕೈಯಾರೆ ನನ್ ಮನೆಗೆ ಬೀಗ ಹಾಕಾಕಿಲ್ಲ ಕಣವ್ವ. ನನ್ ಅತ್ತೆಮಾವ ಕಟ್ಟಿದ್ ಮನೆ ಇದು, ಪಾಳು ಬಿದ್ದೈತಾ? ನೀನು ಬೇಕಾದ್ರೆ ಹಾಕ್ಕೊ."

"ಹಾಕ್ತೀನಿ. ಇಬ್ರೂ ಹೊರಗೆ ಹೋದಾಗ ನಾನೇ ಹಾಕ್ತೀನಿ. ಕೀ ನೀವಿಟ್ಕೊಳ್ಳಿ, ನಾನು ಬರೋದು ಆರು ಗಂಟೆ."

ಇದ್ದದ್ದು ಎರಡು ಬೀಗದ ಕೈ. ಒಂದು ನನ್ನ ಗಂಡನ ಬಳಿ. ಅವನು ಲಾರಿ ಡ್ರೈವರ್. ವಾರದಲ್ಲಿ ನಾಲ್ಕು ದಿನ ಹುಬ್ಬಳ್ಳಿ ದಾರಿಯಲ್ಲಿರುತ್ತಿದ್ದ. ಇನ್ನೊಂದನ್ನು ಎಲ್ಲಿಡುವುದು ಎಂಬುದು ಅತ್ತೆಗೆ ದೊಡ್ಡ ಚಿಂತೆಯಾಯಿತು. ಕಿಟಕಿಯ ಮೇಲಿಟ್ಟರೆ ಚಿಕ್ಕಮ್ಮನಿಗೆ ಗೊತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬಿದ್ದುಹೋಗುತ್ತದೆ. ಎರಡು ದಿನ ಯೋಚಿಸಿ ಮೂರನೆಯ ದಿನ ಬೆಳಿಗ್ಗೆ ಅವರು ಬೀಗದ ಕೈಯನ್ನು ಎಮ್ಮೆಯ ಕೊರಳಿಗೆ, ಗಂಟೆಯ ಪಕ್ಕದಲ್ಲಿ, ಹಗ್ಗಕ್ಕೆ ಪೋಣಿಸಿ ಕಟ್ಟಿದರು.

"ಇದರ ಕೊಳ್ಗೆ ಕೈ ಹಾಕೋ ಧೈರ್ಯ ನನ್ ಬಿಟ್ರೆ ಯಾರಿಗೈತೆ ಹೇಳು? ನಾಲ್ಕು ಗಂಟೆಗೆ ಕರೆಕ್ಟಾಗಿ ಮನೆಗೆ ಬತ್ತದೆ. ನಿನ್ ಗಂಡ ಬತ್ತನಾ ಹಂಗೆ?"

ಜಗಳಕ್ಕೆ ಎಂದೂ ಹಿಂಜರಿಯದ ನಾನು ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೊರಟೆ. ಅಪ್ಪನಿಗೆ ಇದನ್ನು ಹೇಳಲಿಲ್ಲ.

ಐದಾರು ತಿಂಗಳು ಈ ಏರ್ಪಾಡು ಚೆನ್ನಾಗಿಯೇ ನಡೆಯಿತು. ಊರಿನವರು ಗ್ರಿಲ್ಲನ್ನು ನೋಡಿ ಮೊದಮೊದಲು ನಕ್ಕರು, ಆಮೇಲೆ ಬರುವುದನ್ನು ಕಡಿಮೆ ಮಾಡಿದರು. ಬೀಗ ತೆರೆದು ತೂಗಾಡುತ್ತಿದ್ದಾಗಲೂ ಚಿಕ್ಕಮ್ಮ ಹೊರಗೆ ನಿಂತು ಕೂಗುವುದನ್ನು ಕಲಿತಳು. ನನಗೆ ಅದು ಗೆಲುವಿನಂತೆ ಕಂಡಿತು.

ಆಮೇಲೆ ಆ ಬೇಸಿಗೆಯ ದಿನ ಬಂತು. ಬೆಳಿಗ್ಗೆ ನೋಡಿದರೆ ನನ್ನ ಟಿಫನ್ ಬಾಕ್ಸ್ ಇಲ್ಲ. ಅತ್ತೆ ಅದನ್ನು ಯಾರದೋ ಬಾಣಂತಿಗೆ ಸಾರು ಕಳಿಸಲು ಕೊಟ್ಟಿದ್ದರು.

"ಈ ಮನೇಲಿ ನನ್ನದು ಅಂತ ಒಂದು ಚಮಚಾನಾದ್ರೂ ಇದೆಯಾ?" ಎಂದೆ.

"ಒಂದ್ ಡಬ್ಬಿಗೆ ಇಷ್ಟಾ?" ಎಂದರು ಅತ್ತೆ.

"ಇವತ್ತು ಡಬ್ಬಿ, ನಾಳೆ ನನ್ನನ್ನೂ ಯಾರಿಗಾದ್ರೂ ಕೊಟ್ಬಿಡ್ತೀರ."

"ಯಾರೂ ಇಸ್ಕೊಳಾಕಿಲ್ಲ ಬಿಡು."

ಅಷ್ಟು ಹೇಳಿ ಅತ್ತೆ ಒಳಗೆ ಹೋದರು. ಅಂದು ಅವರು ಚಿಕ್ಕಮ್ಮನ ಜೊತೆ ಲಗ್ಗೆರೆಯಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋಗಬೇಕಿತ್ತು. ನಾನು ಚಿತ್ರಾನ್ನವನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು, ಸೀರೆಪಿನ್ನು ಸಿಗದೆ ಚೂಡಿದಾರ ಹಾಕಿಕೊಂಡು ಹೊರಟೆ. ಹೊರಡುವಾಗ ಅತ್ತೆ ಅತ್ತೆ ಅತ್ತೆ ಎಂದು ಮೂರು ಸಲ ಕರೆದೆ. ಸದ್ದಿಲ್ಲ. ಬಾಗಿಲಲ್ಲಿ ಅವರ ಚಪ್ಪಲಿಯೂ ಇರಲಿಲ್ಲ. ಹೇಳದೆ ಹೊರಟುಹೋಗುವಷ್ಟು ಸಿಟ್ಟೇ ಎಂದುಕೊಂಡು, ನನ್ನ ಸಿಟ್ಟನ್ನೂ ಸೇರಿಸಿ ಬೀಗವನ್ನು ಬಲವಾಗಿ ಒತ್ತಿ, ಬಸ್ಸಿಗೆ ಓಡಿದೆ.

ನಾನು ಕೆಲಸ ಮಾಡುತ್ತಿದ್ದದ್ದು ರಾಜಾಜಿನಗರದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಫೋನ್ ಬಂತು.

"ಅಮ್ಮಣ್ಣಿ, ನಾನು ಕಣವ್ವ, ಚಿಕ್ಕಮ್ಮ. ಊಟ ಆಯ್ತಾ?"

"ಇನ್ನೂ ಇಲ್ಲ ಚಿಕ್ಕಮ್ಮ, ಏನು?"

"ಹೊತ್ತಾಗೈತೆ, ಉಣ್ಣಬಾರ್ದಾ? ಇಲ್ಲಿ ಬಿಸಿಲು ಅಂದ್ರೆ ಬಿಸಿಲು. ನಿಮ್ ಆಫೀಸಲ್ಲಿ ಫ್ಯಾನೈತಾ?"

ಅಲ್ಲಿಗೆ ಕಾಯಿನ್ ಬಾಕ್ಸಿನ ಒಂದು ರೂಪಾಯಿ ಮುಗಿದು ಫೋನ್ ಕಟ್ಟಾಯಿತು. ಫ್ಯಾನ್ ವಿಚಾರಿಸಲು ಚಿಕ್ಕಮ್ಮ ಫೋನ್ ಮಾಡುವವಳಲ್ಲ ಎಂದು ಫೋನಿನ ಪಕ್ಕದಲ್ಲೇ ನಿಂತೆ. ಎರಡು ನಿಮಿಷಕ್ಕೆ ಮತ್ತೆ ಬಂತು.

"ಚಿಲ್ರೆ ಇರ್ನಿಲ್ಲ. ನಿಮ್ಮತ್ತೆ ಬಿದ್ಬುಟ್ಟವ್ಳೆ ಕಣವ್ವ. ಮನೆ ಒಳಗೆ. ಬೀಗ ಹೊರಗೆ ಹಾಕೈತೆ. ಕಾಲು ಊದ್ಕೊಂಡೈತೆ, ಏಳಾಕಾಗ್ತಿಲ್ಲ. ಬೀಗದ ಕೈ ಎಮ್ಮೆತಾವ ಐತೆ. ಎಮ್ಮೆ ಕೆರೇಲೈತೆ."

ಆಟೋ ಹತ್ತಿದ ಮೇಲೆ ಎಲ್ಲ ಹೊಳೆಯಿತು. ಅತ್ತೆ ಹೋಗಿರಲಿಲ್ಲ. ಒಳಗೇ ಇದ್ದರು. ಬೀಗ ಒತ್ತಿದ್ದು ನಾನು. ಹಿತ್ತಲ ಬಾಗಿಲು ಮುಚ್ಚಿಸಿದ್ದು ನಾನು. ಹೆಬ್ಬೆರಳು ದಪ್ಪದ ಸರಳು ಬೇಕೆಂದು ವೆಲ್ಡಿಂಗ್ ಅಂಗಡಿಯಲ್ಲಿ ಹಟ ಹಿಡಿದದ್ದೂ ನಾನೇ. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ; ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಬೆವೆತು ಕಣ್ಣು ಕತ್ತಲೆ ಬರುತ್ತಿತ್ತು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ತೆವಳುತ್ತಿತ್ತು. ಆ ಹೆಂಗಸಿಗೆ ಏನಾದರೂ ಆದರೆ ನನ್ನ ಮುಖ ನಾನು ನೋಡಿಕೊಳ್ಳಲಾರೆ ಎನ್ನಿಸಿತು.

ಊರು ತಲುಪಿದರೆ ಮನೆಯ ಮುಂದೆ ಜಾತ್ರೆ. ಗ್ರಿಲ್ಲಿನಿಂದ ಏಳೆಂಟು ಅಡಿ ಒಳಗೆ ಅತ್ತೆ ನೆಲದ ಮೇಲೆ ಮಲಗಿದ್ದರು. ನಡೆದದ್ದು ಇಷ್ಟು. ಬೀಗ ಬಿದ್ದಿರುವುದು ತಿಳಿದು ಅವರು ಕೂಗಿದ್ದಾರೆ, ಯಾರಿಗೂ ಕೇಳಿಲ್ಲ. ಬೆಳಿಗ್ಗೆಯೇ ಅತ್ತೆಯ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ ಚಿಕ್ಕಮ್ಮ, ಬೀಗ ಕಂಡು ಅತ್ತೆ ಮುಂದೆ ಹೋದರೆಂದುಕೊಂಡು ಲಗ್ಗೆರೆಗೆ ಹೊರಟು, ಅಲ್ಲಿ ಅವರನ್ನು ಕಾಣದೆ ಮಧ್ಯಾಹ್ನ ವಾಪಸ್ಸು ಬಂದಿದ್ದಳು. ಅಟ್ಟದ ಮೇಲಿರುವ ಹಾರೆಯನ್ನು ತೆಗೆದು ಬೀಗ ಮೀಟೋಣವೆಂದು ಹೊರಟರೆ ಏಣಿಯೂ ಚಿಕ್ಕಮ್ಮನ ಮನೆಯಲ್ಲೇ. ರಾಗಿಯ ಡ್ರಮ್ಮಿನ ಮೇಲೆ ಸ್ಟೂಲಿಟ್ಟು ಹತ್ತಿದ್ದಾರೆ. ಸ್ಟೂಲು, ಡ್ರಮ್ಮು, ಅತ್ತೆ ಮೂವರೂ ಬಿದ್ದಿದ್ದಾರೆ. ಆ ಸದ್ದಿಗೆ ಹಿಂದಿನ ವಠಾರದಲ್ಲಿ ನಿದ್ದೆ ಮಾಡುತ್ತಿದ್ದ ಸೆಕ್ಯುರಿಟಿ ಎದ್ದು ಬಂದು ಊರು ಸೇರಿಸಿದ್ದ.

ಊರು ತನಗೆ ತೋಚಿದ್ದನ್ನೆಲ್ಲ ಮಾಡಿತ್ತು. ಬೀಗಕ್ಕೆ ಗುಂಡುಕಲ್ಲಿನಲ್ಲಿ ಹೊಡೆದಿದ್ದರು, ಕಲ್ಲು ಎರಡಾಗಿತ್ತು. ಗರಗಸದ ಬ್ಲೇಡು ಮುರಿದಿತ್ತು. ಹಿತ್ತಲ ಬಾಗಿಲಿನ ಇಟ್ಟಿಗೆ ಒಡೆಯೋಣವೆಂದರೆ ಅದು ಆ ಗೋಡೆಯ ಬುಡದಲ್ಲೇ ಮಲಗಿದ್ದ ಅತ್ತೆಯ ಮೇಲೆ ಬೀಳುತ್ತಿತ್ತು. ಸುಂಕದಕಟ್ಟೆಯಿಂದ ಕರೆತಂದ ನಕಲಿ ಕೀಲಿ ಮಾಡುವವನು ಬೀಗವನ್ನು ನೋಡಿ, ಇದು ನನ್ನ ಕೈಲಾಗದು ಎಂದು ವಾಪಸ್ಸು ಹೋಗಿದ್ದ. ವೆಲ್ಡಿಂಗ್ ಅಂಗಡಿಯವನಿಂದ ಸರಳು ಕತ್ತರಿಸೋಣವೆಂದರೆ ಸಂಜೆ ಆರರವರೆಗೆ ಕರೆಂಟಿಲ್ಲ. ಅಪ್ಪನ ಬೀಗ ಥೇಟ್ ಅಪ್ಪನ ಹಾಗೇ ಯಾರ ಮಾತನ್ನೂ ಕೇಳದೆ ಕುಳಿತಿತ್ತು. ಚಿಕ್ಕಮ್ಮ ತನ್ನ ಮನೆಯಿಂದ ಏಣಿ ತಂದು ಗೋಡೆಗೆ ಆನಿಸಿದ್ದಳು, ಏತಕ್ಕೆಂದು ಅವಳಿಗೂ ಗೊತ್ತಿರಲಿಲ್ಲ. ಉದ್ದನೆಯ ದೋಟಿಯ ತುದಿಗೆ ಮಜ್ಜಿಗೆಯ ಬಾಟಲಿ ಕಟ್ಟಿ ಸರಳಿನೊಳಗಿಂದ ಅತ್ತೆಯ ಕೈಗೆ ಮುಟ್ಟಿಸುತ್ತಿದ್ದಳು.

"ಆ ದೋಟಿ ನಮ್ದು ಕಣೇ" ಎಂದರು ಅತ್ತೆ ಮಲಗಿದಲ್ಲಿಂದಲೇ. "ಮೂರು ತಿಂಗ್ಳಿಂದ ಹುಡುಕ್ತಾ ಇವ್ನಿ."

ಎಲ್ಲರೂ ನಕ್ಕರು. ನಾನೂ ನಗಬೇಕೆನ್ನುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಸೆಕ್ಯುರಿಟಿ ಮೆಲ್ಲಗೆ ಹೇಳಿದ.

"ಅಕ್ಕಾರ, ಅವ್ವಾರ ದನಿ ಸಣ್ಣ ಆಗಾಕತ್ತೈತ್ರಿ. ಮುಂಜಾನೆಯಿಂದ ಏನೂ ತಿಂದಿಲ್ಲಂತ. ಮಜ್ಜಿಗೀನೂ ಗಂಟಲದಾಗ ಇಳಿವಲ್ದು. ಆರರ ತನಕ ಕಾಯೂದು ಬ್ಯಾಡ್ರಿ."

ಅತ್ತೆಯ ಹಣೆಯಲ್ಲಿ ಬೆವರು. ಬಲಗಾಲಿನ ಗೆಣ್ಣು ಎರಡರಷ್ಟಾಗಿತ್ತು. ನಾನು ಸರಳು ಹಿಡಿದು "ಅತ್ತೆ" ಎಂದೆ. ಅವರು ನನ್ನ ಕಡೆ ನೋಡಿ, "ಊಟ ಮಾಡ್ದಾ?" ಎಂದು ಕೇಳಿ ಕಣ್ಣು ಮುಚ್ಚಿದರು.

ಇನ್ನುಳಿದದ್ದು ಎಮ್ಮೆ. ಅದು ಎಂದಿನಂತೆ ನಾಲ್ಕಕ್ಕೆ ತಾನಾಗಿ ಬರುತ್ತಿತ್ತೋ ಏನೋ. ಆದರೆ ಊರಿನ ಹತ್ತು ಜನ ಗಂಡಸರು ದೊಣ್ಣೆ ಹಿಡಿದು ಹೋಗಿ ಅದನ್ನು ಹೊಡೆದುಕೊಂಡು ಬರಲು ನೋಡಿದ್ದರು. ಅದು ಇಬ್ಬರನ್ನು ಕೆಸರಿಗೆ ಕೆಡವಿ, ಕೆರೆಯ ನಟ್ಟನಡುವೆ ಹೋಗಿ, ಮೂಗು ಮತ್ತು ಕೋಡು ಮಾತ್ರ ಮೇಲಿಟ್ಟುಕೊಂಡು ನಿಂತಿತ್ತು. ನಮ್ಮ ಮನೆಯ ಬೀಗದ ಕೈ ಕೆರೆಯ ನೀರಿನೊಳಗಿತ್ತು.

"ಎಮ್ಮಿ ಬಡಿದ್ರ ಬರಂಗಿಲ್ರೀ, ಕರದ್ರ ಬರ್ತೈತಿ" ಎಂದ ಸೆಕ್ಯುರಿಟಿ. "ನಾ ಹೋಗಿದ್ದೆ, ನನ್ನೂ ಓಡಿಸ್ತು. ಅದಕ್ಕ ಅವ್ವಾರ ವಾಸನಿ ಬೇಕು. ಹಾಲು ಹಿಂಡುವಾಗ ಅವ್ವಾರು ಉಡೋ ಸೀರಿ ಕೊಟ್ಟಿಗ್ಯಾಗ ಗೂಟಕ್ಕೈತಿ, ದಿನಾ ನೋಡ್ತೀನಿ. ಅದನ್ನ ಸುತ್ಕೊಂಡು ನೀವ ಹೋಗ್ರಿ."

"ನಾನಾ?"

"ಮತ್ಯಾರ್ರಿ? ಮನೀ ಹೆಣಮಗಳು ನೀವ ಅಲ್ಲೇನ್ರಿ?"

ಅವನು ದಿನವೂ ನೋಡುತ್ತಿದ್ದುದು ಇದನ್ನೇ ಎಂದು ನನಗೆ ಆಗ ಅರ್ಥವಾಯಿತು. ಅವನ ಊರಿನಲ್ಲಿ ಅವನ ತಾಯಿಯೂ ಇಂಥದೇ ಎಮ್ಮೆ ಕಟ್ಟಿದ್ದಳಂತೆ, ಸಂಜೆ ಹೊತ್ತು ಆ ವಾಸನೆಗೆ ಬಂದು ನಿಲ್ಲುತ್ತಿದ್ದನಂತೆ. ನಾನು ಇವನಿಗೆ ಹೆದರಿ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದೆ. ನಾಚಿಕೆಯಾಯಿತು. ನಾಚಿಕೆಪಡುತ್ತ ನಿಲ್ಲಲು ಹೊತ್ತಿರಲಿಲ್ಲ.

ಆ ಸೀರೆಯನ್ನು ಚೂಡಿದಾರದ ಮೇಲೆ ಸುತ್ತಿಕೊಂಡೆ. ಸಗಣಿ, ಬೂಸ, ಹಾಲು, ಬೆವರು ಎಲ್ಲ ಸೇರಿದ ವಾಸನೆ. ಮದುವೆಯಾದಾಗಿನಿಂದ ಮೂಗು ಮುಚ್ಚಿಕೊಂಡು ದೂರವಿಟ್ಟದ್ದು. ಗ್ರಿಲ್ಲಿನ ಬಳಿ ಬಂದು, ಹೇಗೆ ಕರೆಯಬೇಕು ಎಂದು ಅತ್ತೆಯನ್ನು ಕೇಳಿದೆ. ಅವರು ಕಣ್ಣು ಬಿಟ್ಟು, ತಮ್ಮ ಸೀರೆಯಲ್ಲಿ ನಿಂತ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು.

"ಬಾರವ್ವಯ್ಯಾ ಬಾ, ಅನ್ಬೇಕು."

"ಬಾರವ್ವಯ್ಯಾ ಬಾ" ಎಂದೆ.

"ಹಂಗಲ್ಲ. ಆಫೀಸಲ್ಲಿ ಅಟೆಂಡರ್‌ನ ಕರ್ದಂಗೆ ಕರೀಬ್ಯಾಡ. ಮೂಗಿಂದ ಕರಿ."

ಮೂಗಿನಿಂದ ಕರೆಯುವುದು ನನಗೆ ಬರಲಿಲ್ಲ. ಊರೆಲ್ಲ ಒಬ್ಬೊಬ್ಬರಾಗಿ ಮೂಗಿನಿಂದ ಕರೆದು ತೋರಿಸಿದರು. ಯಾರದೂ ಸರಿಯಿಲ್ಲವೆಂದು ಅತ್ತೆ ತಲೆಯಾಡಿಸಿದರು.

ಕೆರೆಯ ದಡದಲ್ಲಿ ಸೆಕ್ಯುರಿಟಿ ಎಲ್ಲರನ್ನೂ ಕೂರಿಸಿ, ಯಾರೂ ಉಸಿರೆತ್ತಬಾರದೆಂದು ಹೇಳಿದ. ನಾನು ಕೆಸರಿಗಿಳಿದೆ. ಮೊಣಕಾಲಿನವರೆಗೆ ಹೋದ ಮೇಲೆ ಒಂದು ಚಪ್ಪಲಿ ಕೆರೆಗೇ ಹೋಯಿತು. ಕರೆದೆ. ಎಮ್ಮೆ ಕಿವಿ ಅಲ್ಲಾಡಿಸಿ ಇನ್ನೊಂದು ಕಡೆ ನೋಡಿತು. ಮತ್ತೆ ಕರೆದೆ. ಈ ಸಲ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಬೆಳಿಗ್ಗೆಯಿಂದ ತಡೆದಿದ್ದೆಲ್ಲ ಅಲ್ಲಿ ಒಡೆಯಿತು. ನಲವತ್ತು ಮನೆಯ ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ಆ ಎಮ್ಮೆಯ ಮುಂದೆ ಕೆಸರಿನಲ್ಲಿ ನಿಂತು ಅತ್ತುಬಿಟ್ಟೆ. ಅತ್ತು ಅತ್ತು ಮೂಗು ಕಟ್ಟಿತು. ಕಟ್ಟಿದ ಮೂಗಿನಲ್ಲೇ, "ಬಾರವ್ವಯ್ಯಾ ಬಾ, ಅವರು ಬಿದ್ದವ್ರೆ ಕಣೇ, ಬಾರೇ" ಎಂದೆ.

ಎಮ್ಮೆ ತಲೆಯೆತ್ತಿತು. ಮೂಗು ಈಗ ಸರಿಯಾಗಿತ್ತು ಎಂದು ಕಾಣುತ್ತದೆ. ಅದು ನೀರು ಸುರಿಸಿಕೊಂಡು ನಿಧಾನವಾಗಿ ನನ್ನತ್ತ ಬಂದು ಸೀರೆಯ ಸೆರಗನ್ನು ಮೂಸಿತು. ಆಮೇಲೆ ನನ್ನ ಮುಖ ನೋಡಿತು. ಇದರಲ್ಲೇನೋ ಮೋಸವಿದೆ ಎಂದು ಅದಕ್ಕೆ ಖಂಡಿತ ಗೊತ್ತಾಯಿತು, ಆದರೂ ಹೋಗಲಿ ಪಾಪ ಎಂದು ಬಿಟ್ಟ ಹಾಗಿತ್ತು. ನಾನು ಕೊರಳಿಗೆ ಕೈ ಚಾಚಿದರೆ ಕೋಡು ಆಡಿಸಿತು.

"ಮುಟ್ಟಬ್ಯಾಡ್ರಿ" ಎಂದು ದಡದಿಂದ ಪಿಸುದನಿ ಬಂತು. "ನೀವು ಮುಂದ ನಡೀರಿ, ಹಿಂದ ಬರ್ತೈತಿ."

ಹೀಗೆ ಹೊರಟಿತು ಮೆರವಣಿಗೆ. ಮುಂದೆ ಒಂದೇ ಚಪ್ಪಲಿಯ ನಾನು, ಹಿಂದೆ ಎಮ್ಮೆ, ಅದರ ಹಿಂದೆ ಇಪ್ಪತ್ತು ಅಡಿ ಬಿಟ್ಟು ಊರು. ಲೇಔಟಿನ ಹೊಸ ಮನೆಯವರು ಬಾಲ್ಕನಿಗೆ ಬಂದು ನೋಡಿದರು. ದಾರಿಯಲ್ಲಿ ಒಂದು ಮನೆಯ ಕಾಂಪೌಂಡಿನಿಂದ ದಾಸವಾಳದ ಗಿಡ ಹೊರಗೆ ಬಾಗಿತ್ತು. ಎಮ್ಮೆ ನಿಂತು ತಿನ್ನತೊಡಗಿತು. ಅವಸರ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯ ಆಂಟಿ ಹೊರಗೆ ಬಂದು ಬಾಯಿ ತೆರೆದವರು, ಎದುರಿಗೆ ಕೈ ಮುಗಿದು ನಿಂತ ಇಡೀ ಊರನ್ನು ಕಂಡು ಒಳಗೆ ಹೋದರು. ಗಿಡ ಅರ್ಧವಾದ ಮೇಲೆ ಎಮ್ಮೆ ಹೊರಟಿತು.

ಮನೆಗೆ ಬಂದದ್ದೇ ಕೊಟ್ಟಿಗೆಯ ಕಡೆ ತಿರುಗದೆ ಅದು ನೇರ ಗ್ರಿಲ್ಲಿಗೆ ಹೋಗಿ ಮೂತಿ ಆನಿಸಿತು. ಒಳಗಿನಿಂದ ಅತ್ತೆ ಕ್ಷೀಣವಾಗಿ, "ಬಂದ್ಯಾ? ಇರು, ಅವಳು ಬಿಚ್ಕೊಳ್ಲಿ" ಎಂದರು. ಅದು ಕಲ್ಲಿನಂತೆ ನಿಂತಿತು. ಹಗ್ಗ ನೆನೆದು ಗಂಟು ಬಿಗಿದಿತ್ತು. ಉಗುರಿಗೆ ಬಗ್ಗಲಿಲ್ಲ. ಕೊನೆಗೆ ಎಮ್ಮೆಯ ಕೊರಳಿಗೆ ಮುಖವಿಟ್ಟು ಹಲ್ಲಿನಿಂದ ಗಂಟು ಬಿಚ್ಚಿ ಬೀಗ ತೆಗೆದೆ. ನಾಲ್ಕು ಗಂಟೆಗೆ ಐದು ನಿಮಿಷವಿತ್ತು.

ಅತ್ತೆಯ ಬಾಯಿಗೆ ಸಕ್ಕರೆ ನೀರು ಹಾಕಿ, ಕುರ್ಚಿಯ ಮೇಲೆ ಕೂರಿಸಿ, ಸೆಕ್ಯುರಿಟಿ ಮತ್ತು ಇನ್ನೊಬ್ಬರು ಆಟೋದವರೆಗೆ ಹೊತ್ತರು. ಆಗ ಚಿಕ್ಕಮ್ಮನಿಗೆ ಅದುವರೆಗೆ ಯಾರೂ ಕೇಳದ ಪ್ರಶ್ನೆ ಹೊಳೆಯಿತು.

"ಅಲ್ಲಾ, ಬೀಗ ಒತ್ತಿದ್ದು ಯಾರು?"

ನಲವತ್ತು ಮನೆಯವರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕುರ್ಚಿಯ ಮೇಲಿಂದ ಅತ್ತೆ ಹೇಳಿದರು:

"ನಾನೇ ಒತ್ಕಂಡೆ. ಒಳಗಿಂದ ಕೈ ಹಾಕಿ. ಏನೋ ಬುದ್ಧಿ ಇರ್ನಿಲ್ಲ."

ತನ್ನ ಕೈಯಾರೆ ತನ್ನ ಮನೆಗೆ ಬೀಗ ಹಾಕುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ ಹೆಂಗಸು. ಊರು ಬಾಯಿ ಮುಚ್ಚಿತು. ನಾನೂ ಮುಚ್ಚಿದೆ. ಇಲ್ಲ, ಒತ್ತಿದ್ದು ನಾನು ಎಂದು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಗೆಣ್ಣು ಮುರಿದಿತ್ತು. ಆರು ವಾರ ಪ್ಲಾಸ್ಟರು. ಗಂಡ ಹುಬ್ಬಳ್ಳಿಯಿಂದ ಬಂದು, ತನ್ನ ಜೇಬಿನ ಬೀಗದ ಕೈಯನ್ನು ತೋರಿಸಿ, ನನ್ನ ಹತ್ರ ಇತ್ತಲ್ಲ ಎಂದ. ಇಬ್ಬರೂ ಅವನನ್ನು ಬೈದೆವು. ಹಿತ್ತಲ ಬಾಗಿಲಿನ ಇಟ್ಟಿಗೆಯನ್ನು ಸೆಕ್ಯುರಿಟಿಯೇ ಒಡೆದುಕೊಟ್ಟ. ಯಾಕೆ ಕಟ್ಟಿಸಿದ್ದಿರಿ ಎಂದು ಅವನು ಕೇಳಲಿಲ್ಲ, ಕೇಳದಿದ್ದುದಕ್ಕೆ ಅವನಿಗೆ ದಿನವೂ ಒಂದು ಲೋಟ ಕಾಫಿ ಕೊಟ್ಟೆ. ಅವನೇ ನಿಂತು ನನಗೆ ಹಾಲು ಕರೆಯುವುದನ್ನು ಕಲಿಸಿದ. ಬೆಳಿಗ್ಗೆ ಸಂಜೆ ಅತ್ತೆಯ ಸೀರೆ ಸುತ್ತಿಕೊಂಡು, ಮೂಗು ಹಿಡಿದುಕೊಂಡು ಕರೆದು, ಒಂದೂವರೆ ತಿಂಗಳು ನಾನೇ ಹಾಲು ಹಿಂಡಿದೆ. ಅತ್ತೆಗೆ ತಲೆ ಬಾಚಿದೆ, ಇಂಜೆಕ್ಷನ್ ಕೊಡಿಸಿದೆ, ಎದುರಾಡದೆ ಬದುಕಿದೆ. ನನ್ನ ಟಿಫನ್ ಬಾಕ್ಸಿನಲ್ಲಿ ಯಾರ ಸಾರು ಓಡಾಡುತ್ತಿದೆ ಎಂದು ಕೇಳಲಿಲ್ಲ. ಅಷ್ಟು ಒಳ್ಳೆಯವಳಾಗಿ ನಾನು ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ಪ್ಲಾಸ್ಟರು ಬಿಚ್ಚಿಸಿಕೊಂಡು ಆಟೋದಲ್ಲಿ ಬರುವಾಗ ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಬೀಗ ಒತ್ತಿದ್ದು ನಾನು."

"ಗೊತ್ತು ಕಣವ್ವ."

"ಮತ್ತೆ ಯಾಕೆ ನಾನೇ ಒತ್ಕಂಡೆ ಅಂದ್ರಿ?"

ಅತ್ತೆ ಹೊರಗೆ ನೋಡುತ್ತ, ಬಿಳಿಚಿಕೊಂಡಿದ್ದ ಕಾಲನ್ನು ನೀವಿಕೊಂಡರು.

"ನೀನು ಮೂರು ಸಲ ಕರ್ದೆ. ಬಚ್ಚಲಲ್ಲೇ ಇದ್ದೆ, ಕೇಳಿಸ್ತು. ಸಿಟ್ಟಿತ್ತು. ಓ ಅನ್ನಲಿಲ್ಲ."

ಒಂದೂವರೆ ತಿಂಗಳು. ಎರಡು ಹೊತ್ತು ಹಾಲು. ನನ್ನ ತಲೆಗೆ ಏರಿದ ಸಿಟ್ಟು ಇಷ್ಟಷ್ಟಲ್ಲ. ಒಂದು ಓ ಅನ್ನಲಿಕ್ಕೆ ಏನಾಗಿತ್ತು ನಿಮಗೆ ಎಂದು ನಾನು, ಒಂದು ಸಲ ಒಳಗೆ ಬಗ್ಗಿ ನೋಡಲಿಕ್ಕೆ ನಿನಗೇನಾಗಿತ್ತು ಎಂದು ಅವರು, ಸುಂಕದಕಟ್ಟೆಯವರೆಗೆ ಜಗಳವಾಡಿದೆವು. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ. ಊರಿನ ತಿರುವಿನಲ್ಲಿ ಎಮ್ಮೆ ಕೊರಳಿನ ಗಂಟೆ ಅಲ್ಲಾಡಿಸಿಕೊಂಡು ಅದೇ ದಾಸವಾಳದ ಮನೆಯ ಮುಂದೆ ನಿಂತಿದ್ದನ್ನು ಕಂಡು ಇಬ್ಬರಿಗೂ ನಗು ಬಂದು ಮಾತು ನಿಂತಿತು.

ಗ್ರಿಲ್ಲು ಉಳಿಯಿತು, ಬೀಗ ಹೋಯಿತು. ಇಬ್ಬರೂ ಹೊರಗೆ ಹೋಗುವ ದಿನ ಒನಕೆ ಅಡ್ಡ ಇಡುತ್ತಿದ್ದೆ. ಅತ್ತೆ ಮನೆಯಲ್ಲಿರುವ ದಿನ ಬಾಗಿಲಲ್ಲಿ ನಿಂತು "ಅತ್ತೆ, ಹೋಗ್ಬರ್ತೀನಿ" ಎನ್ನುತ್ತಿದ್ದೆ. ಒಳಗಿನಿಂದ "ಓ" ಎಂದು ಬರುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ, ಬಸ್ಸು ಹೋದರೂ ಸರಿ. ನಾವು ಜಗಳವಾಡಿದ ಬೆಳಿಗ್ಗೆಗಳಲ್ಲಿ ಅದು ಇಡೀ ಊರಿಗೆ ಕೇಳುವಷ್ಟು ಜೋರಾಗಿ ಬರುತ್ತಿತ್ತು.